ಎಡಗಾಲಿನ ಬೋಲ್ಟು

ಬಾಲದ ಬಣ್ಣ ಕೆರೆದರೆ
ಒಂದರಡಿ ಒಂದು, ನಾಲ್ಕು ಹೆಸರು.
ನೈರೋಬಿಯ ತಗಡಿನ ಹ್ಯಾಂಗರಿನಲ್ಲಿ
ರಾತ್ರಿ ಒಂದೂವರೆಗೆ ಮ್ವಿಕಾಲಿ
ಉಪ್ಪುಕಾಗದ ಕೆಳಗಿಟ್ಟು, ಕೈ ಒರೆಸಿ,
ಹತ್ತೊಂಬತ್ತು ಸೀಟಿನ ಮುದಿ ವಿಮಾನದ
ಜಾತಕ ಬಿಚ್ಚಿದಳು.

ಮೊದಲ ಪುಸ್ತಕ ಫಿನ್ಲೆಂಡಿನದು.
ಮಾತು ಕಡಿಮೆ, ಬರೆದದ್ದು ಬಹಳ.
ರೌನೊ ಎಂಬಾತನದು ಹಸಿರು ಶಾಯಿ;
ಪಕ್ಕದಲ್ಲಿ ಪೆನ್ಸಿಲಿನಿಂದ ಯಾರೋ ಇಂಗ್ಲಿಷು ಮಾಡಿದ್ದಾರೆ:
"ಸೋಮವಾರ ರೆಕ್ಕೆಯೊಳಗೆ ಸ್ಕ್ರೂಡ್ರೈವರ್ ಮರೆತೆ.
ಮೂರು ಸಲ ಹಾರಿ ಬಂದಿದೆ.
ಈಗ ತೆಗೆದೆ. ತಪ್ಪು ನನ್ನದು."
ಅದರ ಕೆಳಗೆ ಇನ್ಸ್‌ಪೆಕ್ಟರನ ಸಹಿ,
ಸಹಿಯ ಮೇಲೆ ಒಂದೇ ಪದ:
ಧನ್ಯವಾದ.

ಎರಡನೆಯದು ಜಪಾನಿನದು.
ಸಾಲು ಸಾಲಿಗೂ ಪುಟ್ಟ ಕೆಂಪು ಮುದ್ರೆ.
ಮಾಡಿದವನದೊಂದು, ನೋಡಿದವನದೊಂದು,
ನೋಡಿದವನನ್ನು ನೋಡಿದವನದೊಂದು.
ಬೆರಳು ಚಾಚಿ "ಸರಿ!" ಎಂದು
ಬೋಲ್ಟಿಗೂ ಕೇಳಿಸುವಂತೆ ಕೂಗುತ್ತಾರಂತೆ ಅಲ್ಲಿ.
ಹನ್ನೊಂದು ವರ್ಷ, ಒಂದೂ ತಪ್ಪಿಲ್ಲ.
ಆಗಲೇ ಇಲ್ಲವೋ,
ಹೇಳುವುದೇ ತಪ್ಪಾಗಿತ್ತೋ,
ಮುದ್ರೆ ಬಾಯಿ ಬಿಡುವುದಿಲ್ಲ.

ಮೂರನೆಯ ದೇಶವನ್ನು ವಿಮಾನ ನೋಡಿಯೇ ಇಲ್ಲ.
ಹೆಸರು ಮಾತ್ರ ಹೋಗಿ ಬಂತು, ಅಂಚೆಯಲ್ಲಿ.
ಮೈ ದುಡಿಯುತ್ತಿದ್ದದ್ದು ಇನ್ನೆಲ್ಲೋ,
ಮರಳಿನಲ್ಲಿ, ಯಾರದೋ ಗಣಿಗೆ.
ನಾಲ್ಕು ವರ್ಷಕ್ಕೆ ಆರು ಪುಟ,
ಒಂದೇ ಕೈ, ಒಂದೇ ಶಾಯಿ, ಒಂದೇ ಕೂರಿಕೆ;
ಒಂದು ಕಡೆ ಮೊಹರು ತಲೆಕೆಳಗು.
ಎಡಗಾಲಿನ ಬೋಲ್ಟು?
ರೌನೊನ ನಾಡಲ್ಲಿ ಐದು ಸಾವಿರ ಇಳಿತಕ್ಕೊಮ್ಮೆ ಹೊಸದು.
ಕೆಂಪು ಮುದ್ರೆಯವರಲ್ಲಿ ನಾಲ್ಕಕ್ಕೇ,
ಹಳೆಯದಕ್ಕೂ ಚೀಟಿ ಕಟ್ಟಿ ಪೆಟ್ಟಿಗೆ.
ಇಲ್ಲಿ: "ಅಗತ್ಯವೆನಿಸಿದಾಗ."
ಅಡ್ಡಗೋಡೆಯ ಮೇಲಿನ ದೀಪ.
ಯಾರಿಗೆ ಅನಿಸಬೇಕು, ಗೋಡೆಗೋ, ದೀಪಕ್ಕೋ?

"ನಮ್ಮದೂ ಒಳ್ಳೆಯ ಪುಸ್ತಕವೇ" ಎಂದುಕೊಂಡಳು.
ಎಲ್ಲರದೂ ಮಾಂಟ್ರಿಯಲಿನ ಅಚ್ಚಿನ ಬೆಲ್ಲ;
ಇರುವೆ ಮಾತ್ರ ಊರೂರಿಗೆ ಬೇರೆ.

ಕಳೆದ ಗುರುವಾರ
ಗೇಜು ದುರಸ್ತಿಗೆ ಹೋಗಿತ್ತು.
ಇಪ್ಪತ್ತೆರಡು ವರ್ಷ ಪಳಗಿದ ಕಣ್ಣು,
ಕಣ್ಣಳತೆಯಲ್ಲೇ ಸಹಿ ಹಾಕಿದಳು.
ಇಂದು ಗೇಜು ಬಂತು. ಅಳೆದಳು.
ಕೂದಲೆಳೆಯಷ್ಟು ಸವೆದಿದೆ,
ಇರಬಾರದಷ್ಟು.
ಅಂದಿನಿಂದ ಎಂಟು ಹಾರಾಟ.
ಒಂದರಲ್ಲಿ ಶಾಲೆಯ ಮಕ್ಕಳಿದ್ದರು,
ಕಿಟಕಿ ಸೀಟಿಗೆ ಕಿತ್ತಾಡುತ್ತ.

"ಹೊಸದು ಹಾಕಿ ಸುಮ್ಮನಿರು,"
ಮಾಲೀಕ ನ್ಯಾಗಾ, ಫೋನಿನಲ್ಲಿ, ನಿದ್ದೆಗಣ್ಣಿನ ದನಿ.
"ಆರಕ್ಕೆ ಲೋಡ್ವಾರಿಗೆ ಏಳಬೇಕು.
ಬದಲಿಸಿದ ಮೇಲೆ ಬರೆಯುವುದೇನು?"
ಹೊಸದು ಹಾಕಿದಳು. ಸುಮ್ಮನಿರುವುದು ಉಳಿಯಿತು.
ಮೊಂಬಾಸಾದಲ್ಲಿ ಇದರ ಅವಳಿ ಇದೆ,
ಅದೇ ಬೋಲ್ಟು,
ಅದೇ ಗುರುವಾರ, ಇವಳದೇ ಸಹಿ.

ಹೇಳಿಕೊಂಡವರಿಗೆ ಶಿಕ್ಷೆ ಇಲ್ಲವೆನ್ನುತ್ತದೆ ನಿಯಮ.
ಮುಂದಿನ ಸಾಲು "ಆದರೆ" ಎಂದು ಶುರುವಾಗುತ್ತದೆ.
ಆ "ಆದರೆ"ಯನ್ನು ಓದದೆ ಬರೆದ ಮುಟಿಂಡಾ
ಈಗ ಕಿತೂಯಿಯಲ್ಲಿ ಬೈಕ್ ಬಾಡಿಗೆ ಹೊಡೆಯುತ್ತಾನೆ.

ಮೊದಲು ಮೊಂಬಾಸಾಕ್ಕೆ ಫೋನು ಮಾಡಿದಳು.
ಎತ್ತುವವರಿಲ್ಲ. ಮತ್ತೆ. ಮತ್ತೆ.
ಕಾವಲುಗಾರ ಎತ್ತಿ, ಬೈದು, ಕೊನೆಗೆ
ಕೀ ಇರುವವನನ್ನು ಎಬ್ಬಿಸಲು ಹೋದ.

ಹಸಿರು ಶಾಯಿ ಇರಲಿಲ್ಲ.
ನೀಲಿ ಕಡ್ಡಿ "ತಪ್ಪು" ಎಂಬಲ್ಲಿ ನಿಂತಿತು;
ಅಂಗೈಯಲ್ಲಿ ಗೀಚಿ, ಗೀಚಿ,
"ನನ್ನದು" ಬರೆದಳು.

ಹೊರಗೆ ಲೋಡ್ವಾರಿನ ಜನ
ಚಹಾ ಹಿಡಿದು ತಡಕ್ಕೆ ಶಪಿಸುತ್ತಿದ್ದರು.
ಪುಟ ಮುಚ್ಚುವ ಮುನ್ನ ಮ್ವಿಕಾಲಿ
ಸಹಿಯ ಕೆಳಗೆ ಒಂದು ಗೆರೆ ಜಾಗ ಬಿಟ್ಟಳು,
ಒಂದು ಪದ ಹಿಡಿಸುವಷ್ಟು.